ವೋಟಿಲ್ಲದ ಮನೆಗೂ ಒಬ್ಬ ಸೆನೆಟರ್

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನಿನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಮಗಳು, ಅಳಿಯ ಇಲ್ಲಿ ನೆಲೆಸಿ ಹನ್ನೆರಡು ವರ್ಷವಾಯಿತು, ಇನ್ನೂ ಎಚ್‌-1ಬಿ ವೀಸಾದಲ್ಲೇ ಇದ್ದಾರೆ. ಮೊಮ್ಮಕ್ಕಳಿಬ್ಬರು ಇಲ್ಲೇ ಹುಟ್ಟಿದವರು. ಅಳಿಯ ಮಾತಿನ ಮಧ್ಯೆ ‘ನಮ್ಮ ಸ್ಟೇಟ್ ಸೆನೆಟ್ ಡಿಸ್ಟ್ರಿಕ್ಟ್ 32’ ಎನ್ನುತ್ತಾರೆ. ವೋಟೇ ಇಲ್ಲದ ಮೇಲೆ ‘ನಮ್ಮ’ ಹೇಗಾಗುತ್ತದೆ? ಈ ಸ್ಟೇಟ್ ಸೆನೆಟ್ ನಮ್ಮ ವಿಧಾನ ಪರಿಷತ್ತಿನಂಥದ್ದೇ?

ಉತ್ತರ: ಎರಡನೆಯ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ಮೇಲ್ಮನೆ ಎನ್ನುವುದೊಂದು ಬಿಟ್ಟರೆ ಹೋಲಿಕೆ ಕಡಿಮೆ. ನಮ್ಮ ಪರಿಷತ್ತಿನ 75 ಮಂದಿಯಲ್ಲಿ 64 ಮಂದಿಯನ್ನು ಶಾಸಕರು, ಸ್ಥಳೀಯ ಸಂಸ್ಥೆಗಳ ಸದಸ್ಯರು, ಪದವೀಧರರು, ಶಿಕ್ಷಕರು ಆರಿಸುತ್ತಾರೆ; 11 ಮಂದಿ ನಾಮಕರಣಗೊಂಡವರು. ನೀವು ಶಿಕ್ಷಕರ ಕ್ಷೇತ್ರಕ್ಕೆ ವೋಟು ಹಾಕಿರಲೂಬಹುದು. ವರ್ಜೀನಿಯಾದಲ್ಲಿ ಹಾಗಿಲ್ಲ. ರಾಜ್ಯವನ್ನು 40 ಸೆನೆಟ್ ಕ್ಷೇತ್ರಗಳಾಗಿ ಹಂಚಿದ್ದಾರೆ, ಪ್ರತಿ ಕ್ಷೇತ್ರದ ಜನ ನಾಲ್ಕು ವರ್ಷಕ್ಕೊಮ್ಮೆ ನೇರವಾಗಿ ಒಬ್ಬರನ್ನು ಆರಿಸುತ್ತಾರೆ. ವಾಷಿಂಗ್ಟನ್ನಿನಲ್ಲಿ ಕೂರುವ ಇಬ್ಬರು ವರ್ಜೀನಿಯಾ ಸೆನೆಟರುಗಳು ಬೇರೆ. ಇವರು ಕೂರುವುದು ರಾಜಧಾನಿ ರಿಚ್ಮಂಡಿನಲ್ಲಿ. ಪೂರ್ಣಾವಧಿ ರಾಜಕಾರಣಿಗಳೂ ಅಲ್ಲ. ಅಧಿವೇಶನ ಜನವರಿಯಲ್ಲಿ ಶುರುವಾಗಿ ಒಂದು ವರ್ಷ 60 ದಿನ, ಮರುವರ್ಷ ಸುಮಾರು 46 ದಿನ ನಡೆಯುತ್ತದೆ. 2024ರಲ್ಲಿ ಒಬ್ಬ ಸೆನೆಟರಿನ ಸಂಬಳ ವರ್ಷಕ್ಕೆ 18,000 ಡಾಲರ್. ನಿಮ್ಮ ಅಳಿಯನಿಗೆ ಹೇಳಿ, ನಕ್ಕಾರು.

ಈಗ ‘ನಮ್ಮ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಮಗಳ ಮನೆಯಲ್ಲಿ ತಲೆ ನಾಲ್ಕು, ವೋಟು ಸೊನ್ನೆ. ದೊಡ್ಡವರಿಬ್ಬರಿಗೆ ಪೌರತ್ವವಿಲ್ಲ, ಪೌರತ್ವವಿರುವ ಇಬ್ಬರಿಗೆ ವಯಸ್ಸಾಗಿಲ್ಲ. ಆದರೂ ಕ್ಷೇತ್ರದ ಗಡಿ ಎಳೆಯುವಾಗ ಆ ನಾಲ್ಕು ತಲೆಗಳೂ ಲೆಕ್ಕಕ್ಕೆ ಬರುತ್ತವೆ. 2020ರ ಜನಗಣತಿಯಲ್ಲಿ ವರ್ಜೀನಿಯಾದ ಜನಸಂಖ್ಯೆ 86,31,393. ನಲವತ್ತರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 2.16 ಲಕ್ಷ ಬರುತ್ತದೆ. ಭಾಗಿಸಿದ್ದು ಮತದಾರರ ಪಟ್ಟಿಯನ್ನಲ್ಲ, ಅಲ್ಲಿ ವಾಸವಿರುವ ಜನರನ್ನು.

ಇದು ತಾನಾಗಿ ಬಂದ ನ್ಯಾಯವಲ್ಲ. ಅರವತ್ತು ವರ್ಷದ ಹಿಂದೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಮೇಲ್ಮನೆಯೆಂದರೆ ಕೌಂಟಿಗೊಬ್ಬರು ಎಂಬಂತಿತ್ತು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಎಂದಿಟ್ಟುಕೊಳ್ಳಿ. ಅಲಬಾಮಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರಿದ್ದ ಜೆಫರ್ಸನ್ ಕೌಂಟಿಗೆ ಒಬ್ಬ ಸೆನೆಟರ್, 15,417 ಜನರಿದ್ದ ಲೌಂಡ್ಸ್ ಕೌಂಟಿಗೂ ಒಬ್ಬ. ಬೆಂಗಳೂರಿಗೊಬ್ಬ, ಒಂದು ಹೋಬಳಿಗೊಬ್ಬ ಅಂದ ಹಾಗೆ. 1964ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಹೊಡೆದುಹಾಕಿತು. ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಬರೆದದ್ದು ಆ ತೀರ್ಪಿನಲ್ಲೇ. ಅದೇ ದಿನ ವರ್ಜೀನಿಯಾದ ಹಂಚಿಕೆಯ ಮೇಲಿನ ದಾವೆಯೂ ಅದೇ ರೀತಿ ತೀರ್ಮಾನವಾಯಿತು. ಆ ದೂರು ಹೊರಟಿದ್ದು ಇದೇ ಉತ್ತರ ವರ್ಜೀನಿಯಾದಿಂದ.

ಜನ ಸರಿ, ಯಾವ ಜನ? ಈ ಗಂಟು ಬಿಚ್ಚಿದ್ದು 2016ರಲ್ಲಿ. ಟೆಕ್ಸಾಸಿನ ಇಬ್ಬರು ಮತದಾರರು ಅಲ್ಲಿನ 31 ಸೆನೆಟ್ ಕ್ಷೇತ್ರಗಳ ನಕ್ಷೆ ಹಿಡಿದು ಕೋರ್ಟಿಗೆ ಹೋದರು. ಜನಸಂಖ್ಯೆಯಲ್ಲಿ ಅತಿ ದೊಡ್ಡ ಮತ್ತು ಅತಿ ಚಿಕ್ಕ ಕ್ಷೇತ್ರಗಳ ನಡುವೆ ಇದ್ದ ಅಂತರ ಶೇ 8ರ ಆಸುಪಾಸು. ವೋಟು ಹಾಕಬಲ್ಲವರನ್ನಷ್ಟೇ ಎಣಿಸಿದರೆ ಅದು ಶೇ 40 ದಾಟುತ್ತಿತ್ತು. ‘ವಲಸಿಗರು ತುಂಬಿರುವ ಕ್ಷೇತ್ರದಲ್ಲಿ ಕೆಲವೇ ಮತದಾರರು ಸೇರಿ ಒಬ್ಬ ಸೆನೆಟರನ್ನು ಆರಿಸುತ್ತಾರೆ, ನಮ್ಮ ಕಡೆ ಅದಕ್ಕೆ ಹೆಚ್ಚು ಜನ ಬೇಕು. ನಮ್ಮ ವೋಟಿನ ತೂಕ ಕಡಿಮೆಯಾಯಿತಲ್ಲ?’ ಎಂಬುದು ಅವರ ವಾದ. ತಳ್ಳಿಹಾಕುವಂಥ ವಾದವಲ್ಲ ಅದು. ಆದರೂ ಸುಪ್ರೀಂ ಕೋರ್ಟಿನಲ್ಲಿ ಆಗ ಇದ್ದ ಎಂಟೂ ನ್ಯಾಯಮೂರ್ತಿಗಳು ಅವರ ವಿರುದ್ಧವೇ ತೀರ್ಪು ಕೊಟ್ಟರು. ತೀರ್ಪು ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ತರ್ಕ ನೇರ: ವೋಟಿಲ್ಲದವರಿಗೂ ಸರ್ಕಾರದ ಹಲವು ನಿರ್ಧಾರಗಳು ತಟ್ಟುತ್ತವೆ, ಆದ್ದರಿಂದ ಒಟ್ಟು ಜನಸಂಖ್ಯೆಯ ಮೇಲೆ ಕ್ಷೇತ್ರ ಹಂಚುವುದು ಸರಿ. ಮತದಾರರನ್ನಷ್ಟೇ ಎಣಿಸುತ್ತೇವೆ ಎಂದು ಯಾವುದಾದರೂ ರಾಜ್ಯ ಹೊರಟರೆ ಏನು ಎಂಬುದನ್ನು ಮಾತ್ರ ಕೋರ್ಟು ಇತ್ಯರ್ಥ ಮಾಡದೆ ಬಿಟ್ಟಿತು. ಹಾಗೆ ಎಣಿಸಿದ್ದರೆ ಶಾಲೆ ತುಂಬ ಮಕ್ಕಳಿರುವ, ವೀಸಾದವರು ತುಂಬಿರುವ ಆಶ್‌ಬರ್ನಿನಂಥ ಊರಿನ ಕ್ಷೇತ್ರ ಹಿಗ್ಗಿ, ಸೀಟುಗಳು ಬೇರೆ ಕಡೆಗೆ ಜಾರುತ್ತಿದ್ದವು.

ಆಶ್‌ಬರ್ನ್ ಇರುವ ಲೌಡನ್ ಕೌಂಟಿಯ ಲೆಕ್ಕ ನೋಡಿ. 1990ರಲ್ಲಿ ಅಲ್ಲಿ 86,129 ಜನ, 2020ರಲ್ಲಿ 4,20,959. ಆಗ ಒಬ್ಬ ಸೆನೆಟರಿಗೂ ಸಾಲದ ಜನ, ಈಗ ಹತ್ತಿರ ಹತ್ತಿರ ಇಬ್ಬರಿಗಾಗುವಷ್ಟು. ಆ ಏರಿಕೆಯಲ್ಲಿ ನಿಮ್ಮ ಮಗಳ ಮನೆಯೂ ಇದೆ. ಅಳಿಯ ‘ನಮ್ಮ’ ಎನ್ನುವುದು ಸರಿಯೇ.

ಹಾಗಾದರೆ ಈ ಪ್ರತಿನಿಧಿಯಿಂದ ಏನು ಕೇಳಬಹುದು? ಗ್ರೀನ್ ಕಾರ್ಡಿನ ಸರದಿ ಬಗ್ಗೆ ಅವರ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ವಲಸೆ ಒಕ್ಕೂಟ ಸರ್ಕಾರದ ವಿಷಯ, ಅದಕ್ಕೆ ವಾಷಿಂಗ್ಟನ್ನಿನ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಸದಸ್ಯರ ಕಚೇರಿಗೇ ಬರೆಯಬೇಕು. ಶಾಲೆಗೆ ರಾಜ್ಯದಿಂದ ಬರುವ ಹಣ, ಟೋಲ್ ರಸ್ತೆ, ಡೇಟಾ ಸೆಂಟರುಗಳಿಗೆ ಕೊಟ್ಟಿರುವ ತೆರಿಗೆ ವಿನಾಯಿತಿ, ಇವು ರಿಚ್ಮಂಡಿನ ಕೆಲಸ. ಅದರಲ್ಲೂ ವರ್ಜೀನಿಯಾದಲ್ಲಿ ಕೌಂಟಿಗೆ ರಾಜ್ಯ ಕೊಟ್ಟಷ್ಟೇ ಅಧಿಕಾರ. ಹಾಗಾಗಿ ಬೀದಿ ಕೊನೆಯ ಸಮಸ್ಯೆಯೂ ಕೆಲವೊಮ್ಮೆ ಸೆನೆಟರ್ ತನಕ ಹೋಗುತ್ತದೆ. ಪತ್ರ ಬರೆಯಲು, ಸಮಿತಿಯ ಮುಂದೆ ನಿಂತು ಮಾತಾಡಲು ಪೌರತ್ವ ಬೇಕಿಲ್ಲ.

ಪ್ರಶ್ನೆ: ನಾನು ಚನ್ನಪಟ್ಟಣದವನು. 2024ರಲ್ಲಿ ನಮ್ಮ ಶಾಸಕರು ಸಂಸದರಾದರು, ನಾವು ಮತ್ತೆ ವೋಟು ಹಾಕಿದೆವು. ಅಮೆರಿಕದಲ್ಲೂ ಉಪಚುನಾವಣೆ ಇದೆಯೇ?

ಉತ್ತರ: ಇದೆ. ತಮಾಷೆಯೆಂದರೆ ಅದೇ ವರ್ಷ, ಮೇಲೆ ಹೇಳಿದ ಅದೇ 32ನೇ ಕ್ಷೇತ್ರದಲ್ಲಿ ನಿಮ್ಮೂರಿನ ಕಥೆಯೇ ನಡೆಯಿತು. ಹೆತ್ತವರ ಕಡೆಯಿಂದ ಬೆಂಗಳೂರಿನ ನಂಟಿರುವ ಸುಹಾಸ್ ಸುಬ್ರಮಣ್ಯಂ 2023ರ ನವೆಂಬರಿನಲ್ಲಿ ಅಲ್ಲಿ ರಾಜ್ಯ ಸೆನೆಟರ್ ಆದರು. ವರ್ಷ ತುಂಬುವಷ್ಟರಲ್ಲಿ, 2024ರ ನವೆಂಬರ್ 5ರಂದು, ಕಾಂಗ್ರೆಸ್ಸಿಗೆ ಗೆದ್ದರು. ಆ ಸೀಟಿಗೆ ಕೆಳಮನೆಯಲ್ಲಿದ್ದ ಕಣ್ಣನ್ ಶ್ರೀನಿವಾಸನ್ ನಿಂತರು. ಅವರ ಸೀಟು ಖಾಲಿಯಾಯಿತು, ಅದಕ್ಕೆ ಜೆ.ಜೆ. ಸಿಂಗ್ ಬಂದರು. ಒಬ್ಬರು ಮೇಲೇರಿದ್ದಕ್ಕೆ ಎರಡು ಉಪಚುನಾವಣೆ, ಎರಡೂ 2025ರ ಜನವರಿ 7ರಂದೇ. ಹಿಂದಿನ ದಿನ ಹಿಮ ಸುರಿದಿತ್ತು. ಜನ ಬೂಟು ಹಾಕಿಕೊಂಡು ಮತಗಟ್ಟೆಗೆ ಹೋಗಬೇಕಾಯಿತು.

ಅಷ್ಟು ಅವಸರವೇಕೆಂದರೆ ಅಧಿವೇಶನ ಮರುದಿನವೇ ಶುರು. ಸೆನೆಟಿನಲ್ಲಿ ಡೆಮಾಕ್ರಟರು, ರಿಪಬ್ಲಿಕನ್ನರ ಬಲಾಬಲ 21–19, ಕೆಳಮನೆಯಲ್ಲಿ 51–49. ಒಂದೊಂದು ಕುರ್ಚಿಗೂ ಬೆಲೆಯಿತ್ತು. ಡೆಮಾಕ್ರಟರು ಎರಡನ್ನೂ ಉಳಿಸಿಕೊಂಡರು. ಅಂದರೆ ಕುರ್ಚಿ ತುಂಬಲು ಎರಡೇ ತಿಂಗಳು. ನಿಮ್ಮಲ್ಲಿ ಜೂನ್ 4ಕ್ಕೆ ಲೋಕಸಭೆ ಫಲಿತಾಂಶ ಬಂದರೂ ಮತದಾನವಾದದ್ದು ನವೆಂಬರ್ 13ಕ್ಕೆ. ನಮ್ಮ ಕಾನೂನು ಆರು ತಿಂಗಳ ಅವಕಾಶ ಕೊಡುತ್ತದೆ. ಅವಸರಕ್ಕೂ ಒಂದು ಬೆಲೆಯಿದೆ ಅನ್ನಿ. ಅಭ್ಯರ್ಥಿಯ ಆಯ್ಕೆ ಪಕ್ಷವೇ ನವೆಂಬರ್ ಮಧ್ಯದಲ್ಲಿ ಒಂದು ದಿನ ನಡೆಸಿದ ಒಳಮತದಾನದಲ್ಲಿ ಮುಗಿದುಹೋಗಿತ್ತು. ಒಂದೇ ಪಕ್ಷದ ಕೈ ಮೇಲಿರುವ ಕ್ಷೇತ್ರದಲ್ಲಿ ಅಸಲಿ ಚುನಾವಣೆ ಅದೇ, ಅದರ ಸುದ್ದಿಯೇ ಎಷ್ಟೋ ಮನೆಗೆ ಮುಟ್ಟುವುದಿಲ್ಲ.

ಪ್ರಶ್ನೆ: ನಾನೂ ಎಚ್‌-1ಬಿ. ಗೆಳೆಯರೊಬ್ಬರು ಸ್ಟೇಟ್ ಸೆನೆಟಿಗೆ ನಿಲ್ಲುತ್ತಾರೆ. ಐವತ್ತು ಡಾಲರ್ ಕೊಡಬಹುದೇ?

ಉತ್ತರ: ಬೇಡ. ರಾಜ್ಯದ ಚುನಾವಣೆಯಾದರೂ ಸರಿ, ವೀಸಾದ ಮೇಲಿರುವವರು ದೇಣಿಗೆ ಕೊಡುವುದನ್ನು ಒಕ್ಕೂಟದ ಕಾನೂನು ನಿಷೇಧಿಸಿದೆ. ಐದು ಡಾಲರೂ ತಪ್ಪೇ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಅಲ್ಲಿಯವರೆಗೆ ಸಂಬಳವಿಲ್ಲದೆ ಕರಪತ್ರ ಹಂಚಿ, ಮನೆಮನೆ ತಿರುಗಿ, ಅಡ್ಡಿಯಿಲ್ಲ. ಇನ್ನೊಂದು ಮಾತು: ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಮತದಾರರ ನೋಂದಣಿ ಬೇಕೇ, ಪೌರರೇ ಎಂದು ಕೇಳುತ್ತಾರೆ. ಅವಸರದಲ್ಲಿ ‘ಹೌದು’ ಒತ್ತಿಬಿಟ್ಟರೆ ಮುಂದೆ ಗ್ರೀನ್ ಕಾರ್ಡ್ ಅರ್ಜಿಗೇ ಕುತ್ತು ಬರಬಹುದು. ಒತ್ತುವ ಮುಂಚೆ ಪರದೆಯ ಮೇಲೆ ಏನು ಬರೆದಿದೆ ಎಂದು ಪೂರ್ತಿ ಓದಿಕೊಳ್ಳಿ.