ಆಪರೇಷನ್ ಫ್ರೀ, ಆದರೆ ಬಸ್ಸಿನಲ್ಲಿ ಹೋಗುವುದು ಹೇಗೆ?

ಬ್ರಹ್ಮಾವರದ ಅಕ್ಕನಿಗೆ ನಮಸ್ಕಾರ.

ಇಥಿಯೋಪಿಯಾದ ಫಿಸ್ಟುಲಾ ಆಸ್ಪತ್ರೆ ಬಗ್ಗೆ ನಾವು ಹಾಕಿದ ಲೇಖನವನ್ನು ನಿಮ್ಮ ಮಹಿಳಾ ಮಂಡಳಿಯ ಸಭೆಯಲ್ಲಿ ಓದಿದಿರಿ, ಆಮೇಲೆ ಚರ್ಚೆ ಜೋರಾಯಿತು ಅಂತ ಬರೆದಿದ್ದೀರಿ. "ಗಾಯ ಆದ ಮೇಲೆ ಹೊಲಿಯಲು ದಾನ ಕೊಡುವ ಬದಲು, ಗಾಯವೇ ಆಗದ ಹಾಗೆ ಹೆರಿಗೆ ಆಸ್ಪತ್ರೆ ಕಟ್ಟಿಸಬಾರದೇ? ನಮ್ಮಲ್ಲಿ ಈಗ 108 ಬರುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ. ಇದು ನಮಗೆ ಸಂಬಂಧಪಟ್ಟ ವಿಷಯವೇ?" ಇದು ನಿಮ್ಮ ಪ್ರಶ್ನೆ. ಮಂಡಳಿಯಲ್ಲಿ ಸ್ವಲ್ಪ ಹಣ ಉಳಿದಿದೆ, ಎಲ್ಲಿ ಕೊಡೋಣ ಅಂತಲೂ ಕೇಳಿದ್ದೀರಿ. ಒಂದೆರಡು ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲೇಖನ ಓದದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಸೊಂಟದ ಎಲುಬಿನ ದಾರಿ ಮಗುವಿನ ತಲೆಗೆ ಸಾಲದಿದ್ದರೆ ಹೆರಿಗೆ ಮುಂದೆ ಹೋಗುವುದಿಲ್ಲ. ಸಿಸೇರಿಯನ್ ಮಾಡುವವರು ಹತ್ತಿರದಲ್ಲಿ ಇಲ್ಲದ ಕಡೆ ಹೆಣ್ಣುಮಗಳು ಎರಡು ಮೂರು ದಿನ ನೋವು ತಿನ್ನುತ್ತಾಳೆ. ಅಷ್ಟೂ ಹೊತ್ತು ಮಗುವಿನ ತಲೆ ಮೂತ್ರಚೀಲವನ್ನು ಎಲುಬಿಗೆ ಒತ್ತಿ ಹಿಡಿದಿರುತ್ತದೆ. ರಕ್ತ ಹೋಗದೆ ಆ ಜಾಗದ ಮಾಂಸ ಸಾಯುತ್ತದೆ, ಕೆಲವು ದಿನಗಳಲ್ಲಿ ಕಳಚಿ ತೂತಾಗುತ್ತದೆ. ಈ ತೂತಿಗೇ ಫಿಸ್ಟುಲಾ ಅನ್ನುವುದು. ಹೆಚ್ಚಿನ ಸಲ ಮಗು ಉಳಿದಿರುವುದಿಲ್ಲ. ತಾಯಿಗೆ ಹಗಲೂ ರಾತ್ರಿ ಮೂತ್ರ ಸೋರುತ್ತದೆ, ಕೆಲವರಿಗೆ ಮಲವೂ. ಸೋರುವುದು ಕಡಿಮೆಯಾಗಲಿ ಅಂತ ಆಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಆಗ ಮೂತ್ರ ಇನ್ನಷ್ಟು ದಪ್ಪಗಾಗಿ ತೊಡೆ ಸುಡುತ್ತದೆ, ವಾಸನೆ ಹೆಚ್ಚುತ್ತದೆ. ಇಂಥ ಗಾಯ ಪ್ರತಿವರ್ಷ 50 ಸಾವಿರದಿಂದ 1 ಲಕ್ಷ ಹೆಂಗಸರಿಗೆ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರು ಆಫ್ರಿಕಾ ಮತ್ತು ಏಷ್ಯಾದ ಬಡ ಊರುಗಳವರು.

ಇದು ಆಗಲೇಬಾರದ ಗಾಯ ಎಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ಹೊತ್ತಿಗೆ ಸರಿಯಾಗಿ ಸಿಸೇರಿಯನ್ ಆದರೆ ಇದು ಬರುವುದಿಲ್ಲ. ಆದರೆ ಒಂದನ್ನು ಬಿಟ್ಟು ಇನ್ನೊಂದು ಅನ್ನುವುದನ್ನು ನಾನು ಒಪ್ಪಲಾರೆ. ನಾಳೆ ಕಟ್ಟುವ ಹೆರಿಗೆ ಆಸ್ಪತ್ರೆ, ನಿನ್ನೆ ಗಾಯವಾದವಳ ಸೀರೆಯನ್ನು ಒಣಗಿಸುವುದಿಲ್ಲ.

ಕ್ಯಾಥರಿನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ಡಾಕ್ಟರ್ ದಂಪತಿ 1959ರಲ್ಲಿ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾಗೆ ಬಂದದ್ದು ಮೂರು ವರ್ಷದ ಮಟ್ಟಿಗೆ, ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಡಲು. ಅಂದರೆ ನೀವು ಹೇಳುವ ಕೆಲಸಕ್ಕೇ ಬಂದವರು. ಬಾಗಿಲಿಗೆ ಬಂದ ಸೋರುವ ಹೆಂಗಸರನ್ನು ಕಂಡು ಅಲ್ಲೇ ಉಳಿದರು. 1974ರಲ್ಲಿ ಅವರಿಗಾಗಿಯೇ ಆಸ್ಪತ್ರೆ ತೆರೆದರು. ಅಲ್ಲಿ ಮತ್ತು ಅದರ ಶಾಖೆಗಳಲ್ಲಿ ಈವರೆಗೆ 60 ಸಾವಿರಕ್ಕಿಂತ ಹೆಚ್ಚು ಹೆಂಗಸರಿಗೆ ದುಡ್ಡಿಲ್ಲದೆ ಚಿಕಿತ್ಸೆ ಆಗಿದೆ. ಎಲ್ಲರೂ ಯಾಕೆ ತಡವಾಗಿ ಬರುತ್ತಾರೆ ಅನ್ನುವುದು ಆ ಹಾಸಿಗೆಗಳ ಪಕ್ಕದಲ್ಲೇ ಗೊತ್ತಾಗುತ್ತದೆ. 2007ರಲ್ಲಿ ಅದೇ ಸಂಸ್ಥೆ ಹೆರಿಗೆ ನರ್ಸ್‌ಗಳ ಕಾಲೇಜು ಶುರು ಮಾಡಿತು. ಹಳ್ಳಿ ಹುಡುಗಿಯರನ್ನು ಕರೆತಂದು, ಕಲಿಸಿ, ಅವರವರ ಸೀಮೆಗೇ ವಾಪಸು ಕಳಿಸುತ್ತಾರೆ. ಮಾಮಿತು ಗಾಶೆ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಹದಿಹರೆಯದಲ್ಲಿ ರೋಗಿಯಾಗಿ ಬಂದವರು, ಶಾಲೆಯ ಮುಖ ನೋಡಿದವರಲ್ಲ. ಹ್ಯಾಮ್ಲಿನ್ ದಂಪತಿಯ ಪಕ್ಕದಲ್ಲಿ ನಿಂತು ಕೆಲಸ ಕಲಿತು, ಕೊನೆಗೆ ತಾವೇ ಈ ಆಪರೇಷನ್ ಮಾಡುವಷ್ಟು ಬೆಳೆದರು.

ಈಗ ನನ್ನ ಮುಖ್ಯ ಮಾತು. ಆಪರೇಷನ್ ಫ್ರೀ ಅಂದ ಕೂಡಲೇ ದಾನದ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಮ್ಮದೇ ಜಿಲ್ಲೆಯನ್ನು ನೆನೆಸಿಕೊಳ್ಳಿ. ಬೈಂದೂರಿನ ಒಳಗಿನ ಹಳ್ಳಿಯಿಂದ ಮಣಿಪಾಲಕ್ಕೆ ಬರಬೇಕಾದರೆ ಬಸ್ಸು ಬದಲಿಸಬೇಕು, ಗಂಟೆಗಟ್ಟಲೆ ಕೂರಬೇಕು. ಮೂತ್ರ ಸೋರುವ ಹೆಂಗಸು ತುಂಬಿದ ಬಸ್ಸಿನಲ್ಲಿ ಕೂರುತ್ತಾಳಾ? ಪಕ್ಕದವರು ಮೂಗು ಮುಚ್ಚಿದರೆ, ಎದ್ದಾಗ ಸೀಟು ಒದ್ದೆಯಾಗಿದ್ದರೆ? ಆ ಹೆದರಿಕೆಯಲ್ಲೇ ಆಕೆ ಮನೆಯಿಂದ ಹೊರಡುವುದಿಲ್ಲ. ಆಪರೇಷನ್ ಆದ ಮೇಲೂ ವಾರದಿಂದ ಎರಡು ವಾರ ಕ್ಯಾಥೆಟರ್, ಅಂದರೆ ಮೂತ್ರ ಹೊರಹೋಗುವ ಕೊಳವೆ, ಇಟ್ಟುಕೊಂಡಿರಬೇಕು. ಅಷ್ಟು ದಿನ ಜೊತೆಗೆ ಯಾರು ಇರುತ್ತಾರೆ? ಅವರ ಕೂಲಿ ಯಾರು ಕೊಡುತ್ತಾರೆ? ಮನೆಯಲ್ಲಿ ಮಕ್ಕಳಿಗೆ ಗಂಜಿ ಯಾರು ಬೇಯಿಸುತ್ತಾರೆ? ಅಡಿಸ್ ಅಬಾಬಾದವರು ಇದನ್ನು ಚೆನ್ನಾಗಿ ಅರಿತಿದ್ದರು. ಊಟ, ವಾಸ ಎಲ್ಲ ಅಲ್ಲೇ. ವಾಸಿಯಾಗಿ ಹೊರಡುವಾಗ ಹೊಸ ಬಟ್ಟೆ, ಊರಿಗೆ ಹೋಗಲು ಬಸ್ ಚಾರ್ಜು. ಹೊಲಿದರೂ ಸರಿಹೋಗದ ಕೆಲವರಿಗಾಗಿ ಒಂದು ಹಳ್ಳಿಯನ್ನೇ ಕಟ್ಟಿದರು. ಅದರ ಹೆಸರು ದೆಸ್ತಾ ಮೆಂದರ್.

ನಮಗೆ ಸಂಬಂಧವಿದೆಯೇ ಅಂದಿರಿ. ಇದೆ. ಹೆರಿಗೆ ನಿಂತು ಆಗುವ ಫಿಸ್ಟುಲಾ ಕರಾವಳಿಯಲ್ಲಿ ಅಪರೂಪವಾಗಿರುವುದು ದೊಡ್ಡ ಸಂಗತಿಯೇ. ಆದರೆ ಗರ್ಭಕೋಶ ತೆಗೆಯುವಾಗಲೋ ಸಿಸೇರಿಯನ್ ವೇಳೆಯೋ ಮೂತ್ರಚೀಲಕ್ಕೆ ಪೆಟ್ಟಾಗಿ ಫಿಸ್ಟುಲಾ ಬರುವುದು ನಮ್ಮ ದೇಶದಲ್ಲಿ ಇದೆ. ಹೆರಿಗೆಯಲ್ಲಿ ಗುದದವರೆಗೆ ಹರಿದದ್ದು, ಗರ್ಭಕೋಶ ಕೆಳಗೆ ಜಾರುವುದು, ಕೆಮ್ಮಿದರೆ ಮೂತ್ರ ಬರುವುದು, ಇವೂ ಹೆರಿಗೆಯ ಗಾಯಗಳೇ. ಬಾಯಿ ಬಿಟ್ಟು ಹೇಳಲಾರದೆ ಎಷ್ಟೋ ಜನ ಮನೆಯಲ್ಲೇ ಬೀಡಿ ಕಟ್ಟುತ್ತಾ ಕೂರುತ್ತಾರೆ. ಮದುವೆಗೆ ಬರುವುದಿಲ್ಲ, ನೇಮಕ್ಕೆ ಬರುವುದಿಲ್ಲ. "ವಯಸ್ಸಾಯ್ತು, ಹೀಗೇ" ಅಂತ ಸುಮ್ನಾಗುತ್ತಾರೆ. ವ್ಯಾಯಾಮ, ಗರ್ಭಕೋಶ ಜಾರದ ಹಾಗೆ ಒಳಗೆ ಇಡುವ ಉಂಗುರ, ಆಪರೇಷನ್, ಅವರವರ ತೊಂದರೆಗೆ ತಕ್ಕಂತೆ ದಾರಿ ಇದೆ. ಮಂಗಳೂರಿನ ಲೇಡಿಗೋಶನ್‌ನಂಥ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಹೋಗಿ ಕೇಳಬಹುದು. ಬಾಣಂತಿಗೆ ಮೂತ್ರ ಸೋರಲು ಶುರುವಾದರೆ ಅದೇ ದಿನ ತೋರಿಸಿ. ತೂತು ಸಣ್ಣದಿದ್ದು ಬೇಗ ಕ್ಯಾಥೆಟರ್ ಹಾಕಿದರೆ, ಕೆಲವರಿಗೆ ಆಪರೇಷನ್ ಇಲ್ಲದೆಯೇ ಕೂಡಿಕೊಳ್ಳುತ್ತದೆ.

ಹಣದ ವಿಷಯ. ದೂರದ ಆಸ್ಪತ್ರೆಗೆ ಕೊಡುವವರು ಖಂಡಿತ ಕೊಡಲಿ, ಅದು ಸಾರ್ಥಕ. ನಿಮ್ಮ ಮಂಡಳಿಯ ಹಣ ಮಾತ್ರ ಇಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಮಷೀನು, ಮಂಚ, ಕಲ್ಲಿನ ಫಲಕ ಬೇಡ. ಒಬ್ಬಾಕೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರಿನ ಬಾಡಿಗೆ, ಜೊತೆಗೆ ಇರುವವರ ದಿನಗೂಲಿ, ಪ್ಯಾಡು, ಎರಡು ಜೊತೆ ಒಳ್ಳೆ ಬಟ್ಟೆ, ಇಷ್ಟಕ್ಕೆ ಎತ್ತಿಡಿ. ಮುಂದಿನ ಸಭೆಗೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಯಾವ ಮನೆಯ ಹೆಂಗಸು ಎಷ್ಟು ದಿನದಿಂದ ಹೊರಗೆ ಕಾಣಿಸಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಆದರೆ ಹೆಸರನ್ನು ಸಭೆಯಲ್ಲಿ ಕೇಳಬೇಡಿ. ನೀವೊಬ್ಬರೇ ಅವರ ಜೊತೆ ಆ ಮನೆಗೆ ಹೋಗಿ ಬನ್ನಿ.

ಸಂಪಾದಕ