ಮೋನೆಯ ಮೆದೆಗಳಿಗೆ ನೀಲಿ ನೆರಳು ಏಕೆ?

ಪ್ರಶ್ನೆ: ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ ಬರೆದ ಬಣವೆ ಚಿತ್ರಗಳಲ್ಲಿ ನೆರಳು ನೀಲಿ, ನೇರಳೆ ಬಣ್ಣದಲ್ಲಿದೆ. ಅದು ಕಂಡದ್ದೋ ಕಲ್ಪಿಸಿದ್ದೋ? ಹೊರಗೆ ಕೂತು ತೈಲವರ್ಣದಲ್ಲಿ ಹಾಗೆ ಬರೆಯಲು ಹೋದರೆ ನನ್ನ ನೆರಳೆಲ್ಲ ಕೊಳೆಯಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಕಂಡದ್ದೇ. ನೆರಳಿರುವ ಕಡೆ ನೇರ ಬಿಸಿಲು ಬೀಳದಿದ್ದರೂ ಆಕಾಶದ ಬೆಳಕು ಬೀಳುತ್ತದೆ. ತಿಳಿ ಆಕಾಶದ ಬೆಳಕು ನೀಲಿ. ಸಂಜೆಬಿಸಿಲು ಕಿತ್ತಳೆಗೆ ತಿರುಗಿದಷ್ಟೂ ಪಕ್ಕದ ನೀಲಿ ಹೆಚ್ಚು ಎದ್ದು ಕಾಣುತ್ತದೆ. ಹಿಮ ಬಿದ್ದ ನೆಲದಲ್ಲಂತೂ ಮುಚ್ಚಿಡಲಾಗದಷ್ಟು ಸ್ಪಷ್ಟ. ಮೋಡ ಕವಿದ ದಿನ ಮಾತ್ರ ನೆರಳು ಬೂದು. ಆಗ ನೀಲಿ ಹಚ್ಚಿದರೆ ಸುಳ್ಳಾಗುತ್ತದೆ.

ಅಂದಹಾಗೆ, ಅವು ದನದ ಮೇವಿನ ಬಣವೆಗಳಲ್ಲ, ಒಕ್ಕದೆ ಒಟ್ಟಿದ ಸಿವುಡಿನ ಮೆದೆಗಳು. ಒಕ್ಕುವ ಯಂತ್ರ ಊರೂರು ಸುತ್ತಿ ಬರುವವರೆಗೆ ತಿಂಗಳುಗಟ್ಟಲೆ ಹೊಲದಲ್ಲೇ ಇರುತ್ತಿದ್ದವು. ಹಾಗಾಗಿಯೇ ಫ್ರಾನ್ಸ್‌ನ ಜಿವೆರ್ನಿ ಊರಿನ ತನ್ನ ಮನೆಯ ಪಕ್ಕದ ಹೊಲದಲ್ಲಿ ಮೋನೆಗೆ 1890ರ ಸುಗ್ಗಿಯಿಂದ 1891ರ ಹಿಮದವರೆಗೆ ಅವೇ ಮೆದೆಗಳು ಸಿಕ್ಕವು. ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಿದ್ದ, ಆಮೇಲೆ ಒಳಗೆ ಕೂತು ತಿದ್ದುತ್ತಿದ್ದ. 1891ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಡ್ಯುರಾನ್-ರುಯೆಲ್ ಗ್ಯಾಲರಿಯಲ್ಲಿ ಇಂಥ 15 ಚಿತ್ರಗಳನ್ನು ಪ್ರದರ್ಶಿಸಿದ.

ನಿಮ್ಮ ನೆರಳು ಕೊಳೆಯಾಗಲು ಹೆಚ್ಚಾಗಿ ಕಾರಣ ಕಪ್ಪು ಮತ್ತು ಕಂದು. ಎರಡನ್ನೂ ಪ್ಯಾಲೆಟ್‌ನಿಂದ ತೆಗೆಯಿರಿ. ಅಲ್ಟ್ರಾಮರೀನ್ ಎಂಬ ಕಡುನೀಲಿಗೆ ಬಿಳಿ ಬೆರೆಸಿ, ಚೂರೇ ಚೂರು ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಸೇರಿಸಿದರೆ ಸಾಕು. ಬಿಸಿಲಿಗೊಂದು, ನೆರಳಿಗೊಂದು ಬ್ರಷ್ ಇಟ್ಟುಕೊಳ್ಳಿ. ಹಸಿ ಹಳದಿಯ ಮೇಲೆ ನೀಲಿಯನ್ನು ಎರಡು ಮೂರು ಸಲ ಎಳೆದರೆ ಮಂಕು ಹಸಿರಾಗುತ್ತದೆ. ಒಂದೇ ಎಳೆತಕ್ಕೆ ಬಿಟ್ಟುಬಿಡಿ, ತಿದ್ದಬೇಕಿದ್ದರೆ ಒಣಗಿದ ಮೇಲೆ ತಿದ್ದಿ.

ಕೂತ ತಕ್ಷಣ ಮೊದಲು ನೆರಳಿನ ಅಂಚು ಗುರುತಿಸಿ. ಸಂಜೆ ಅರ್ಧ ಗಂಟೆಯಲ್ಲೇ ಅದು ಉದ್ದವಾಗುತ್ತದೆ, ಬೆನ್ನಟ್ಟಿ ಹೋಗಬೇಡಿ. ಬೆಳಕು ಬದಲಾಯಿತೆಂದರೆ ಆ ಕ್ಯಾನ್ವಾಸ್ ಎತ್ತಿಟ್ಟು ಇನ್ನೊಂದು ಹಿಡಿಯಿರಿ. ಕ್ಯಾನ್ವಾಸ್, ಪ್ಯಾಲೆಟ್ ಎರಡೂ ನೆರಳಿನಲ್ಲಿರಲಿ; ಬಿಸಿಲು ಬಿದ್ದರೆ ಬಣ್ಣ ಇರುವುದಕ್ಕಿಂತ ತಿಳಿಯಾಗಿ ಕಂಡು ನೀವು ಗಾಢವಾಗಿ ಬೆರೆಸುತ್ತೀರಿ, ಮನೆಯೊಳಗೆ ತಂದಾಗ ಚಿತ್ರ ಕಪ್ಪಿಟ್ಟಿರುತ್ತದೆ.

ಕೊನೆಗೆ ಕಣ್ಣು ಅರೆಮುಚ್ಚಿ ನೋಡಿ. ನೆರಳು ನೆಲದ ಮೇಲೆ ಹಾಸಿದ ನೀಲಿ ಬಟ್ಟೆಯಂತೆ ಕಂಡರೆ ನೆಲದ ಬಣ್ಣ ಸಾಲದು ಎಂದರ್ಥ: ಕೂಳೆಯಿರುವ ಹೊಲವಾದರೆ ಯೆಲ್ಲೋ ಆಕರ್ ಎಂಬ ಮಣ್ಣುಹಳದಿಯ ನಾಲ್ಕಾರು ಗೀಟುಗಳನ್ನು ಬಿಡಿಬಿಡಿಯಾಗಿ ಅದರೊಳಗೆ ಹಾಕಿ.