16 ಗಂಟೆ ಮಾತು, ಮತವೇ ಇಲ್ಲ: ಸಂಸತ್ತಿನ ಭದ್ರತಾ ಚರ್ಚೆ, ಓದುಗರ ಪ್ರಶ್ನೆ

ಭಯೋತ್ಪಾದನೆ ಮತ್ತು ದೇಶದ ಭದ್ರತೆ ಕುರಿತು ಸಂಸತ್ತಿನಲ್ಲಿ ನಡೆಯುವ ಚರ್ಚೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ‘ಚರ್ಚೆಯಲ್ಲಿ ಯಾರು ಗೆದ್ದರು’ ಎಂದು ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಅದಕ್ಕೆ ಟಿ.ವಿ. ಇದೆ.

ಪ್ರಶ್ನೆ: 2025ರ ಜುಲೈ 28, 29ರಂದು ಲೋಕಸಭೆಯಲ್ಲಿ ಪಹಲ್ಗಾಮ್ ದಾಳಿ ಮತ್ತು ಆಪರೇಷನ್ ಸಿಂಧೂರದ ಬಗ್ಗೆ ಚರ್ಚೆ ನಡೆಯಿತು. 16 ಗಂಟೆ ನಿಗದಿಯಾಗಿತ್ತು. ಪ್ರಧಾನಿ ಉತ್ತರ ಕೊಟ್ಟರು, ಎಲ್ಲರೂ ಎದ್ದು ಹೋದರು. ಮತದಾನ ಯಾಕೆ ಆಗಲಿಲ್ಲ?
— ಓದುಗರು, ದಾವಣಗೆರೆ

ಉತ್ತರ: ಅದು ‘ವಿಶೇಷ ಚರ್ಚೆ’. ಸದನದ ಮುಂದೆ ಮತಕ್ಕೆ ಹಾಕಬೇಕಾದ ಪ್ರಸ್ತಾವವೇ ಇರಲಿಲ್ಲ. ಪ್ರಸ್ತಾವ ಇಲ್ಲದಿದ್ದರೆ ಪರ, ವಿರೋಧ ಎಂದು ಯಾವುದಕ್ಕೆ ಮತ ಹಾಕುವುದು?

ಲೋಕಸಭೆಯಲ್ಲಿ ಇಂಥ ವಿಷಯ ಬರಲು ಮೂರು ಮುಖ್ಯ ಬಾಗಿಲುಗಳಿವೆ. ನಿಯಮ 193ರ ಬಾಗಿಲು ಸಲೀಸು: ಒಬ್ಬ ಸದಸ್ಯರ ನೋಟಿಸಿಗೆ ಇನ್ನಿಬ್ಬರ ಸಹಿ ಇದ್ದರೆ ಸಾಕು, ಸ್ಪೀಕರ್ ಒಪ್ಪಿದರೆ ಚರ್ಚೆ. ಮತ ಇಲ್ಲ. ನಿಯಮ 184ರಲ್ಲಿ ಪ್ರಸ್ತಾವದ ಒಕ್ಕಣೆ ಇರುತ್ತದೆ, ಕೊನೆಗೆ ಮತವೂ ಇರುತ್ತದೆ. ಮೂರನೆಯದು ನಿಯಮ 56ರ ನಿಲುವಳಿ ಸೂಚನೆ. ಅಂದಿನ ಕಲಾಪವನ್ನೆಲ್ಲ ಪಕ್ಕಕ್ಕೆ ಸರಿಸಿ ಒಂದೇ ವಿಷಯ ಹಿಡಿಯುವ ಕ್ರಮ ಇದು. ಅನುಮತಿಗೆ ಆಕ್ಷೇಪ ಬಂದರೆ ಕನಿಷ್ಠ 50 ಸದಸ್ಯರು ಎದ್ದು ನಿಲ್ಲಬೇಕು. ಇದರಲ್ಲಿ ಸರ್ಕಾರದ ಮೇಲಿನ ಖಂಡನೆಯ ಧ್ವನಿ ಇರುವುದರಿಂದ ಆಡಳಿತ ಪಕ್ಷ ಸುಲಭಕ್ಕೆ ಒಪ್ಪುವುದಿಲ್ಲ, ಪೀಠವೂ ಅಪರೂಪಕ್ಕೆ ಕೊಡುತ್ತದೆ. ಅಧಿವೇಶನದ ಮೊದಲ ವಾರ ‘ಯಾವ ನಿಯಮದಡಿ’ ಎಂಬ ಜಗಳದಲ್ಲೇ ಕಳೆಯುವುದು ಇದಕ್ಕೇ. ಜನರಿಗೆ ಅದು ಹಟದಂತೆ ಕಾಣುತ್ತದೆ. ಆದರೆ ಮತ ಇರಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ರಾಜ್ಯಸಭೆಯಲ್ಲಿ ನಿಲುವಳಿ ಸೂಚನೆಯೇ ಇಲ್ಲ, ಏಕೆಂದರೆ ಮಂತ್ರಿಮಂಡಲ ಉತ್ತರದಾಯಿ ಆಗಿರುವುದು ಲೋಕಸಭೆಗೆ ಮಾತ್ರ. ಅಲ್ಲಿನ ಸದಸ್ಯರು ನಿಯಮ 267ರಡಿ ಉಳಿದ ನಿಯಮಗಳನ್ನು ಅಮಾನತಿನಲ್ಲಿಡಿ ಎಂದು ನೋಟಿಸು ಕೊಡುತ್ತಾರೆ. ಬಹುತೇಕ ತಿರಸ್ಕೃತವಾಗುತ್ತದೆ.

ಇನ್ನೊಂದು ದಾರಿ ಇದೆ: ಇಡೀ ಸದನ ಒಂದೇ ದನಿಯಲ್ಲಿ ನಿರ್ಣಯ ಅಂಗೀಕರಿಸುವುದು. 1994ರ ಫೆಬ್ರುವರಿ 22ರಂದು ಜಮ್ಮು-ಕಾಶ್ಮೀರದ ಬಗ್ಗೆ ಹಾಗೆ ಮಾಡಲಾಯಿತು. ಮುಂಬೈ ದಾಳಿಯ ನಂತರ 2008ರ ಡಿಸೆಂಬರ್ 11ರಂದು ಲೋಕಸಭೆ ಮಾಡಿದ್ದೂ ಅದನ್ನೇ. ಇಂಥ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. ಆದರೆ ಮುಂದೆ ಯಾವ ಸರ್ಕಾರ ಬಂದರೂ ಅದನ್ನು ದಾಟಿ ಮಾತಾಡುವುದು ಕಷ್ಟ.

ಪ್ರಶ್ನೆ: ನಮ್ಮ ಕಡೆಯ ಸಂಸದರು ಎದ್ದು ನಿಂತು ಪೀಠಿಕೆ ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತಾರೆ. ಇದು ತಾರತಮ್ಯ ಅಲ್ಲವೇ?
— ಓದುಗರು, ಮಂಡ್ಯ

ಉತ್ತರ: ಲೆಕ್ಕ ಹಾಕಿ ನೋಡಿ. 16 ಗಂಟೆ ಎಂದರೆ 960 ನಿಮಿಷ. 543 ಸದಸ್ಯರಿಗೆ ಹಂಚಿದರೆ ತಲಾ ಒಂದೂ ಮುಕ್ಕಾಲು ನಿಮಿಷ. ಕಲಾಪ ಸಲಹಾ ಸಮಿತಿ ಒಟ್ಟು ಸಮಯ ಗೊತ್ತು ಮಾಡಿದ ಮೇಲೆ ಪಕ್ಷಗಳಿಗೆ ಸಂಖ್ಯಾಬಲದ ಪ್ರಕಾರ ಪಾಲು ಸಿಗುತ್ತದೆ. 100 ಸದಸ್ಯರ ಪಕ್ಷಕ್ಕೆ ಸುಮಾರು ಮೂರು ತಾಸು. ಜೆಡಿಎಸ್‌ನಂತೆ ಇಬ್ಬರೇ ಇದ್ದರೆ ಮೂರೂವರೆ ನಿಮಿಷ. ಪೀಠ ಮನಸ್ಸು ಮಾಡಿದರೆ ಇನ್ನೆರಡು ನಿಮಿಷ ಸಿಕ್ಕೀತು. ಇದನ್ನರಿತ ಸದಸ್ಯರು ಹುತಾತ್ಮರಿಗೆ ನಮನ, ಕವಿವಾಣಿ, ಕ್ಷೇತ್ರದ ಜನರಿಗೆ ವಂದನೆ ಎಲ್ಲವನ್ನೂ ಬಿಟ್ಟು ನೇರ ಪ್ರಶ್ನೆಗೆ ಬರುತ್ತಾರೆ. ಉಳಿದವರಿಗೆ ಗಂಟೆ ಕೇಳಿಸುತ್ತದೆ.

ಪ್ರಶ್ನೆ: ಪೋಟಾ (ಭಯೋತ್ಪಾದನೆ ತಡೆ) ಕಾಯ್ದೆಗಾಗಿ ಎರಡೂ ಸದನಗಳನ್ನು ಒಟ್ಟಿಗೆ ಸೇರಿಸಿದ್ದರಂತೆ. ಅಷ್ಟು ಕಷ್ಟಪಟ್ಟು ತಂದ ಕಾನೂನು ಎರಡೇ ವರ್ಷದಲ್ಲಿ ಹೋದದ್ದು ಹೇಗೆ?
— ಓದುಗರು, ಧಾರವಾಡ

ಉತ್ತರ: ಈ ಕಥೆ ವಿವರವಾಗಿ ತಿಳಿದಿರಬೇಕು, ಏಕೆಂದರೆ ಇಂದಿನ ಕಾನೂನು ಅದರೊಳಗಿಂದಲೇ ಹುಟ್ಟಿದ್ದು.

ಪೋಟಾ ಮೊದಲು ಬಂದದ್ದು 2001ರ ಅಕ್ಟೋಬರಿನಲ್ಲಿ, ಸುಗ್ರೀವಾಜ್ಞೆಯಾಗಿ. ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆಯೇ ದಾಳಿ ನಡೆಯಿತು. ಸುಗ್ರೀವಾಜ್ಞೆಯನ್ನು ಮತ್ತೆ ಹೊರಡಿಸಲಾಯಿತು. ಸಂಸತ್ತು ಮರಳಿ ಸೇರಿದ ಆರು ವಾರದೊಳಗೆ ಮಸೂದೆ ಅಂಗೀಕಾರವಾಗದಿದ್ದರೆ ಸುಗ್ರೀವಾಜ್ಞೆ ಸತ್ತುಹೋಗುತ್ತದೆ. ಹಾಗಾಗಿ ಬಜೆಟ್ ಅಧಿವೇಶನದಲ್ಲಿ ಸರ್ಕಾರಕ್ಕೆ ಗಡಿಯಾರದ ಚಿಂತೆ ಇತ್ತು. ಲೋಕಸಭೆ ಮಾರ್ಚ್ 18ರಂದು ಒಪ್ಪಿತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಮಾರ್ಚ್ 21ರಂದು ಅಲ್ಲಿ 98 ಪರ, 113 ವಿರೋಧ: ಮಸೂದೆ ಬಿತ್ತು.

ಒಂದು ಸದನ ತಿರಸ್ಕರಿಸಿದರೆ ಸಂವಿಧಾನದ 108ನೇ ವಿಧಿಯಡಿ ಜಂಟಿ ಅಧಿವೇಶನ ಕರೆಯಬಹುದು. 2002ರ ಮಾರ್ಚ್ 26ರಂದು ಸೆಂಟ್ರಲ್ ಹಾಲ್‌ನಲ್ಲಿ ಅದು ನಡೆಯಿತು. ಸ್ಪೀಕರ್ ಬಾಲಯೋಗಿ ಅದೇ ತಿಂಗಳು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಿದ್ದರಿಂದ ಉಪಸಭಾಧ್ಯಕ್ಷ ಪಿ.ಎಂ. ಸಯೀದ್ ಪೀಠದಲ್ಲಿದ್ದರು. 425 ಪರ, 296 ವಿರೋಧ. 1961ರ ವರದಕ್ಷಿಣೆ ನಿಷೇಧ, 1978ರ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ ಬಿಟ್ಟರೆ ಜಂಟಿ ಅಧಿವೇಶನದಲ್ಲಿ ಅಂಗೀಕಾರವಾದ ಮಸೂದೆ ಇದೊಂದೇ.

ಗಮನಿಸಬೇಕಾದ ಅಂಶ ಒಂದಿದೆ. ಒಂದು ಸದನ ಸಾರಾಸಗಟಾಗಿ ತಳ್ಳಿಹಾಕಿದ ಮಸೂದೆ ಜಂಟಿ ಅಧಿವೇಶನಕ್ಕೆ ಬಂದರೆ, ವಿಳಂಬದಿಂದ ಅಗತ್ಯವಾದ ತಿದ್ದುಪಡಿ ಬಿಟ್ಟು ಬೇರೇನನ್ನೂ ಮಂಡಿಸುವಂತಿಲ್ಲ. ಒಂದು ಕಲಮು ಸರಿಯಿಲ್ಲ, ಅದನ್ನಷ್ಟು ತಿದ್ದೋಣ ಎನ್ನಲು ಅವಕಾಶವೇ ಇಲ್ಲ. ಇಡಿಯಾಗಿ ನುಂಗಬೇಕು, ಇಲ್ಲವೇ ಉಗುಳಬೇಕು. ಅಷ್ಟು ದೊಡ್ಡ ಸಭೆಯಲ್ಲಿ ಭಾಷಣ ಜೋರಾಗಿತ್ತು, ಕಲಮುಗಳ ಮೇಲಿನ ಕೆಲಸ ಇರಲಿಲ್ಲ.

2004ರಲ್ಲಿ ಸರ್ಕಾರ ಬದಲಾಯಿತು. ಸೆಪ್ಟೆಂಬರ್ 21ರಂದು ಒಂದು ಸುಗ್ರೀವಾಜ್ಞೆ ಪೋಟಾವನ್ನು ರದ್ದು ಮಾಡಿತು. ಅದೇ ದಿನದ ಮತ್ತೊಂದು ಸುಗ್ರೀವಾಜ್ಞೆ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ, ಅಂದರೆ ಯುಎಪಿಎಗೆ, ಭಯೋತ್ಪಾದನೆಯ ಅಧ್ಯಾಯವನ್ನು ಸೇರಿಸಿತು. ಪೋಟಾದ ಸಾಮಾನು ಬಹಳಷ್ಟು ಹೀಗೆ ಮನೆ ಬದಲಿಸಿತು. ಪೊಲೀಸ್ ವರಿಷ್ಠಾಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯ ಎನ್ನುವ ಕಲಮನ್ನು ಕೈಬಿಟ್ಟರು. ಒಳ್ಳೆಯದಾಯಿತು.

ಹಾದಿಯಲ್ಲಿ ಕಳೆದುಹೋದದ್ದು ಇನ್ನೊಂದು, ಅದನ್ನು ಯಾರೂ ಹೆಚ್ಚು ಚರ್ಚಿಸಲಿಲ್ಲ: ಅವಧಿ ಮಿತಿ. ಪೋಟಾಕ್ಕಿಂತ ಮುಂಚಿನ ಭಯೋತ್ಪಾದನೆ ವಿರೋಧಿ ಕಾನೂನಾದ ಟಾಡಾಕ್ಕೆ ಎರಡು ವರ್ಷದ ಆಯುಸ್ಸಿತ್ತು. 1989, 1991, 1993ರಲ್ಲಿ ಸಂಸತ್ತಿಗೆ ಬಂದು ವಿಸ್ತರಣೆ ಕೇಳಬೇಕಾಯಿತು. 1995ರ ಮೇನಲ್ಲಿ ವಿಸ್ತರಿಸಲಿಲ್ಲ, ಅದು ಮುಗಿಯಿತು. ಪೋಟಾಕ್ಕೂ ಮೂರು ವರ್ಷದ ಮಿತಿ ಇತ್ತು. ಯುಎಪಿಎ ಕಾಯಂ ಕಾನೂನು. ಅದನ್ನು ಸಮರ್ಥಿಸಿಕೊಳ್ಳಲು ಯಾವ ಸರ್ಕಾರವೂ ನಿಗದಿತ ದಿನದಂದು ಸದನಕ್ಕೆ ಬರಬೇಕಿಲ್ಲ. ಟಾಡಾ, ಪೋಟಾಗಳಿಗಿಂತ ಯುಎಪಿಎ ಬಗ್ಗೆ ಸಂಸತ್ತು ಕಡಿಮೆ ಮಾತಾಡಿದೆ ಎನಿಸಿದರೆ ಕಾರಣ ಇದೇ ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಯುಎಪಿಎಯಲ್ಲಿ ಜಾಮೀನು ಸಿಗುವುದಿಲ್ಲ ಎನ್ನುತ್ತಾರೆ. ಇದನ್ನು ಯಾವಾಗ ಸೇರಿಸಿದರು? ಒಬ್ಬ ವ್ಯಕ್ತಿಯನ್ನು ‘ಭಯೋತ್ಪಾದಕ’ ಎಂದು ಘೋಷಿಸಿದರೆ ಮುಂದಿನ ದಾರಿ ಏನು?
— ಕಾನೂನು ವಿದ್ಯಾರ್ಥಿ, ಕಲಬುರಗಿ

ಉತ್ತರ: ಜಾಮೀನಿನ ಬಿಗಿ 2008ರದ್ದು. ಮುಂಬೈ ದಾಳಿಯಾಗಿ ಮೂರೇ ವಾರ. ಡಿಸೆಂಬರ್ 16ರಂದು ರಾಷ್ಟ್ರೀಯ ತನಿಖಾ ಸಂಸ್ಥೆಯ, ಅಂದರೆ ಎನ್‌ಐಎ ಮಸೂದೆ ಮತ್ತು ಯುಎಪಿಎ ತಿದ್ದುಪಡಿ ಮಂಡನೆ, 17ರಂದು ಲೋಕಸಭೆಯ ಒಪ್ಪಿಗೆ, 18ರಂದು ರಾಜ್ಯಸಭೆಯದು. ಸ್ಥಾಯಿ ಸಮಿತಿಗೆ ಹೋಗಲಿಲ್ಲ. ಹೊಸ 43ಡಿ ಕಲಮಿನ ಪ್ರಕಾರ ಪೊಲೀಸ್ ಕಸ್ಟಡಿ 30 ದಿನದವರೆಗೆ, ಆರೋಪಪಟ್ಟಿ ಸಲ್ಲಿಸಲು ನ್ಯಾಯಾಲಯದ ಅನುಮತಿಯೊಂದಿಗೆ 180 ದಿನದವರೆಗೆ ಸಮಯ. ಆರೋಪ ಮೇಲ್ನೋಟಕ್ಕೆ ನಿಜ ಎಂದು ನಂಬಲು ಆಧಾರವಿದ್ದರೆ ಜಾಮೀನಿಲ್ಲ. ಬರೀ ಮೇಲ್ನೋಟ, ಅದೂ ಪೊಲೀಸರ ಕಾಗದಗಳ ಮೇಲೆ. ತೊಡಕಿರುವುದು ಇಲ್ಲೇ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಈ ಕಲಮು ಅಡ್ಡ ಬರುವುದಿಲ್ಲ, ಬದುಕುವ ಹಕ್ಕಿನ ಆಧಾರದಲ್ಲಿ ಜಾಮೀನು ಕೊಡಬಹುದು ಎಂದು 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವ್ಯಕ್ತಿಗಳ ಹೆಸರು ಸೇರಿಸುವುದು 2019ರ ತಿದ್ದುಪಡಿ. ಅದಕ್ಕೆ ಮುಂಚೆ ಸಂಘಟನೆಗಳನ್ನಷ್ಟೇ ಪಟ್ಟಿ ಮಾಡುತ್ತಿದ್ದರು. ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಕಳಿಸಿ ಎಂಬ ಸೂಚನೆ 85–104ರಲ್ಲಿ ಬಿದ್ದು, ಮಸೂದೆ 147–42ರಲ್ಲಿ ಅಂಗೀಕಾರವಾಯಿತು. ಮೊದಲ ಪಟ್ಟಿಯಲ್ಲಿ ಮಸೂದ್ ಅಜರ್, ಹಫೀಜ್ ಸಯೀದ್, ಲಖ್ವಿ, ದಾವೂದ್ ಇಬ್ರಾಹಿಂ ಹೆಸರಿದ್ದವು. ಹೆಸರು ತೆಗೆಸಬೇಕಾದರೆ ಮೊದಲು ಕೇಂದ್ರ ಸರ್ಕಾರಕ್ಕೇ ಅರ್ಜಿ. ಅದು ತಿರಸ್ಕರಿಸಿದರೆ ಒಂದು ತಿಂಗಳೊಳಗೆ ಪುನರ್‌ಪರಿಶೀಲನಾ ಸಮಿತಿಗೆ. ಅದರ ಅಧ್ಯಕ್ಷರು ಹೈಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿ. ಘೋಷಣೆಗೆ ಮುಂಚೆ ನ್ಯಾಯಾಲಯದ ತೀರ್ಪು ಬೇಕಿಲ್ಲ. ಸದನದಲ್ಲಿ ವಿರೋಧ ಬಂದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಪ್ರಶ್ನೆ: ಬೆಂಗಳೂರಿನ ರಾಮೇಶ್ವರಂ ಕೆಫೆ ಸ್ಫೋಟದ ತನಿಖೆ ಎರಡೇ ದಿನದಲ್ಲಿ ಎನ್‌ಐಎಗೆ ಹೋಯಿತು. ರಾಜ್ಯದ ಒಪ್ಪಿಗೆ ಬೇಡವೇ?
— ಓದುಗರು, ತುಮಕೂರು

ಉತ್ತರ: ಬೇಡ. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿದ್ದರೂ ಎನ್‌ಐಎ ಕಾಯ್ದೆಯ 6ನೇ ಕಲಮಿನ ದಾರಿ ಬೇರೆ. ಅನುಸೂಚಿಯಲ್ಲಿರುವ ಅಪರಾಧ ದಾಖಲಾದರೆ ಠಾಣೆಯ ವರದಿ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ಕೂಡಲೇ ಕೇಂದ್ರಕ್ಕೆ. ಕೇಂದ್ರ 15 ದಿನದಲ್ಲಿ ತೀರ್ಮಾನಿಸಬೇಕು. ವರದಿಗೆ ಕಾಯದೆ ತಾನಾಗಿಯೇ ವಹಿಸಲೂಬಹುದು. ಸಿಬಿಐಗೆ ಬೇಕಾಗುವ ರಾಜ್ಯದ ಸಮ್ಮತಿ ಇಲ್ಲಿ ಬೇಕಿಲ್ಲ.

ಪ್ರಶ್ನೆ: ‘ರಾಷ್ಟ್ರೀಯ ಭದ್ರತೆ’ ಎಂದು ಹೇಳಿ ಮಂತ್ರಿಗಳು ಉತ್ತರವನ್ನೇ ಕೊಡದಿರಬಹುದೇ? ನಮ್ಮ ಸಂಸದರ ಮೂಲಕ ಒಂದು ಪ್ರಶ್ನೆ ಕೇಳಿಸಬೇಕೆಂದಿದ್ದೇವೆ.
— ಓದುಗರ ಬಳಗ, ಕಾರವಾರ

ಉತ್ತರ: ಗೋಪ್ಯ ವಿಷಯದ ಪ್ರಶ್ನೆಯನ್ನು ಸ್ವೀಕರಿಸುವುದೇ ಇಲ್ಲ, ಲೋಕಸಭೆಯ ನಿಯಮ 41 ಹಾಗೆ ಹೇಳುತ್ತದೆ. ಆದ್ದರಿಂದ ಕೇಳುವ ರೀತಿ ಮುಖ್ಯ. ‘ಕರಾವಳಿ ಭದ್ರತೆ ಸಾಕಷ್ಟಿದೆಯೇ’ ಎಂದು ಕೇಳಿದರೆ ‘ಸರ್ಕಾರ ಎಲ್ಲ ಕ್ರಮ ಕೈಗೊಂಡಿದೆ’ ಎಂಬ ಉತ್ತರ ಬರುತ್ತದೆ. ‘ಕರ್ನಾಟಕದ ಕರಾವಳಿ ಠಾಣೆಗಳಿಗೆ ಕಳೆದ ಐದು ವರ್ಷಗಳಲ್ಲಿ ವರ್ಷವಾರು ಮಂಜೂರಾದ ಮತ್ತು ಖರ್ಚಾದ ಹಣ ಎಷ್ಟು, ದೋಣಿಗಳೆಷ್ಟು, ಅವುಗಳಲ್ಲಿ ಓಡುವ ಸ್ಥಿತಿಯಲ್ಲಿರುವವು ಎಷ್ಟು’ ಎಂದು ಕೇಳಿ. ಪ್ರಶ್ನೆ 150 ಪದ ಮೀರಬಾರದು, ಅದರಲ್ಲಿ ವಾದ, ಆಪಾದನೆ ಇರಬಾರದು. ನೋಟಿಸು 15 ದಿನ ಮೊದಲು ಹೋಗಬೇಕು. ಗೃಹ ಸಚಿವಾಲಯದ ಸರದಿ ಲೋಕಸಭೆಯಲ್ಲಿ ಮಂಗಳವಾರ, ರಾಜ್ಯಸಭೆಯಲ್ಲಿ ಬುಧವಾರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆ, 20 ಮಾತ್ರ, ಅವನ್ನು ಲಾಟರಿಯಲ್ಲಿ ಎತ್ತುತ್ತಾರೆ. ಅಂಕಿಅಂಶ ಬೇಕಾದವರಿಗೆ ಲಿಖಿತ ಉತ್ತರ ಸಿಗುವ ಚುಕ್ಕೆ ರಹಿತ ಪ್ರಶ್ನೆಯೇ ಮೇಲು.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಪೂರೈಸದಿದ್ದರೆ ಸಚಿವಾಲಯ ಭರವಸೆಗಳ ಸಮಿತಿಗೆ ಕಾರಣ ಹೇಳಬೇಕು.

ಪತ್ರಕರ್ತರನ್ನೆಲ್ಲ ಹೊರಗಿಟ್ಟು ರಹಸ್ಯ ಅಧಿವೇಶನ ನಡೆಸಲು ನಿಯಮ 248ರಲ್ಲಿ ಅವಕಾಶವಿದೆ, ಸದನದ ನಾಯಕರು ಕೋರಬೇಕು. 1962ರ ಚೀನಾ ಯುದ್ಧದ ನಡುವೆ ಸ್ವತಂತ್ರ ಸದಸ್ಯ ಎಲ್.ಎಂ. ಸಿಂಘ್ವಿ ಹೀಗೆ ಸೂಚಿಸಿದ್ದರು. ನೆಹರೂ ಒಪ್ಪಲಿಲ್ಲ. ನವೆಂಬರ್ 8ರಿಂದ 14ರವರೆಗೆ, ಗಡಿಯಲ್ಲಿ ಕಾಳಗ ನಿಂತಿರದಾಗಲೇ, 165 ಸದಸ್ಯರು ಬಹಿರಂಗವಾಗಿ ಮಾತಾಡಿದರು.

ಬೇಹುಗಾರಿಕೆಯ ವಿಷಯದಲ್ಲಿ ಮಾತ್ರ ಬಾಗಿಲು ನಿಜಕ್ಕೂ ಮುಚ್ಚಿದೆ. ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯಲ್ಲಿ 31 ಸದಸ್ಯರಿದ್ದಾರೆ, ಅದು ಅನುದಾನ ಬೇಡಿಕೆಗಳನ್ನು ನೋಡುತ್ತದೆ. ಆದರೆ ಐಬಿ, ‘ರಾ’ ಸಂಸ್ಥೆಗಳ ಕಾರ್ಯಾಚರಣೆ ವಿಚಾರಿಸಲೆಂದೇ ಇರುವ ಸಂಸದೀಯ ಸಮಿತಿ ನಮ್ಮಲ್ಲಿಲ್ಲ. 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಇದಕ್ಕಾಗಿ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರ ಮಸೂದೆ, ತಂದರು. 1970ರ ನಂತರ ಯಾವ ಖಾಸಗಿ ಮಸೂದೆಯೂ ಕಾನೂನಾಗಿಲ್ಲ, ಇದೂ ಆಗಲಿಲ್ಲ.

ಪ್ರಶ್ನೆ: 2023ರ ಡಿಸೆಂಬರಿನಲ್ಲಿ ಲೋಕಸಭೆಯೊಳಗೆ ಹೊಗೆ ಡಬ್ಬಿ ಸಿಡಿಸಿದ ಮೇಲೆ ಗೃಹ ಸಚಿವರ ಹೇಳಿಕೆ ಕೇಳಿ ಅಷ್ಟು ಗಲಾಟೆ ಆಯಿತು. ಹೇಳಿಕೆ ಕೊಟ್ಟಿದ್ದರೆ ಪ್ರಶ್ನೆ ಕೇಳಬಹುದಿತ್ತೇ?
— ಓದುಗರು, ಮೈಸೂರು

ಉತ್ತರ: ಲೋಕಸಭೆಯಲ್ಲಿ ಇಲ್ಲ. ನಿಯಮ 372ರಡಿ ಮಂತ್ರಿ ಹೇಳಿಕೆ ಓದಿದಾಗ ಯಾರೂ ಪ್ರಶ್ನೆ ಕೇಳುವಂತಿಲ್ಲ. ರಾಜ್ಯಸಭೆಯಲ್ಲಿ ಸ್ಪಷ್ಟೀಕರಣ ಕೇಳುವ ವಾಡಿಕೆ ಇದೆ. ಸಂಸತ್ ಆವರಣದ ಭದ್ರತೆ ಸ್ಪೀಕರ್ ವ್ಯಾಪ್ತಿಯದು ಎಂಬುದು ಸರ್ಕಾರದ ವಾದವಾಗಿತ್ತು. ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರು ಅಮಾನತಾದರು.

ಪ್ರಶ್ನೆ: ಹಳೆಯ ಚರ್ಚೆಗಳ ಪೂರ್ಣ ಪಾಠ ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಮಾತಾಡಿದ್ದು ದಾಖಲಾಗುತ್ತದೆಯೇ?
— ಶಿಕ್ಷಕರು, ಶಿರಸಿ

ಉತ್ತರ: ಸಂಸತ್ತಿನ ಡಿಜಿಟಲ್ ಗ್ರಂಥಾಲಯದ ಜಾಲತಾಣದಲ್ಲಿ ದಿನಾಂಕ ಹಾಕಿ ಹುಡುಕಿ. ಪೋಟಾಕ್ಕೆ 2002ರ ಮಾರ್ಚ್ 26, ಯುಎಪಿಎಗೆ 2008ರ ಡಿಸೆಂಬರ್ 17 ಹಾಕಿದರೆ ಸಾಕು. ಇತ್ತೀಚಿನ ದಿನಗಳದ್ದಾದರೆ ‘ತಿದ್ದದ ಪ್ರತಿ’ ಎಂಬ ಗುರುತು ಇದೆಯೇ ನೋಡಿಕೊಳ್ಳಿ. ಅದನ್ನು ಉಲ್ಲೇಖಿಸಿ ಬರೆದರೆ ಮುಂದೆ ಪದ ಬದಲಾಗಿರಬಹುದು. ಪೀಠ ಕಡತದಿಂದ ತೆಗೆಸಿದ ಮಾತನ್ನು ಯೂಟ್ಯೂಬ್‌ನಲ್ಲಿ ಕೇಳಿ ಅಚ್ಚು ಹಾಕುವುದೂ ಅಪಾಯವೇ. ಕನ್ನಡದಲ್ಲಿ ಮಾತಾಡಲು 120ನೇ ವಿಧಿಯಡಿ ಅವಕಾಶವಿದೆ, ತತ್‌ಕ್ಷಣದ ಅನುವಾದಕ್ಕೆ ಮುಂಚಿತವಾಗಿ ತಿಳಿಸಿರಬೇಕು. ಹಾಗೆ ತಿಳಿಸದೆ ಎದ್ದರೆ ಮೂರೂವರೆ ನಿಮಿಷದಲ್ಲಿ ಒಂದು ನಿಮಿಷ ಅದಕ್ಕೇ ಹೋದೀತು.